ಹತ್ತರಲ್ಲಿ ನಾಲ್ಕು ಪದ

ನವೆಂಬರ್ 9, ಭಾನುವಾರ. ಸಂಜೆ 6

ಅಭ್ಯಾಸದಲ್ಲಿ ನಮ್ಮ ತಂಡದ ದೈತ್ಯ ಆಟಗಾರ ವೀಲರ್ ತಲೆಗೆ ಪೆಟ್ಟು. ಎದ್ದವನು ನಮ್ಮ ಬೆಂಚಿಗೆ ಬರುವುದು ಬಿಟ್ಟು ಗೇಟಿನತ್ತ ನಡೆದನಂತೆ. ನಾನು ನೋಡಲಿಲ್ಲ, ಬೇರೊಬ್ಬನ ಮಂಡಿಗೆ ಪಟ್ಟಿ ಸುತ್ತುತ್ತಿದ್ದೆ. ಹೇಳಿದ್ದು ಆಶಿಕ್. ತಂಡದ ಕಿಟ್ ನೋಡಿಕೊಳ್ಳುವವನು, ಉಳ್ಳಾಲದ ಕಡೆಯವನು.

"ಡೆಲ್ವಿನ್ ಡಾಕ್ಟ್ರೇ, ನಿಮ್ಮ ಆನೆ ದಾರಿ ತಪ್ಪಿತು."

"ನಾನು ಡಾಕ್ಟರಲ್ಲ ಮಾರಾಯ, ಫಿಸಿಯೋ."

"ಸೈನ್ ಹಾಕುದು ನೀವೇ ಅಲ್ವಾ?"

ಹೌದು. ಸೌದಿಯ ತಬೂಕಿನ ಈ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರ ಫಿಟ್ ಎಂದು ಬರೆಯುವುದು ನಾನೇ. ನಾಳೆ ಅವನಿಗೆ ನೆನಪಿನ ಟೆಸ್ಟ್.

ನವೆಂಬರ್ 10

ಹತ್ತು ಪದ ಓದುತ್ತೇನೆ, ಆಟಗಾರ ತಿರುಗಿ ಹೇಳಬೇಕು. ಸೀಸನ್‌ಗೆ ಮೊದಲೊಮ್ಮೆ, ಪೆಟ್ಟಾದ ಮೇಲೊಮ್ಮೆ. ಎರಡನೆಯ ಅಂಕ ಕಡಿಮೆಯಾದರೆ ಮೈದಾನಕ್ಕೆ ಇಳಿಯುವಂತಿಲ್ಲ.

ಸೆಪ್ಟೆಂಬರಿನಲ್ಲಿ ವೀಲರ್ ನಾಲ್ಕು ಹೇಳಿದ್ದ. ಬಿಸಿಲು, ಪ್ರಯಾಣದ ಆಯಾಸ ಎಂದುಕೊಂಡಿದ್ದೆ. ಇವತ್ತೂ ನಾಲ್ಕು. ತಲೆನೋವು ಇಲ್ಲ ಎಂದ. ಸಹಿ ಹಾಕಿದೆ. ಒಂದು ವಾರ ಹಗುರ ಅಭ್ಯಾಸ, 21ಕ್ಕೆ ಪಂದ್ಯ.

ನವೆಂಬರ್ 13

ಕೋಲ್ಬಿ ವೀಲರ್, 37. ಅಮೆರಿಕದಲ್ಲಿ ಹನ್ನೊಂದು ಸೀಸನ್, ಮೂರು ತಂಡ. ಕೆಲಸ: ಚೆಂಡೆಸೆಯುವವನ ಮೇಲೆ ಎದುರಾಳಿಗಳು ಬೀಳದಂತೆ ಐವರ ಸಾಲಿನಲ್ಲಿ ಅಡ್ಡ ನಿಲ್ಲುವುದು. ತಾನು ಚೆಂಡು ಮುಟ್ಟುವುದಿಲ್ಲ. ಹಳೆಯ ಪತ್ರಿಕೆಗಳನ್ನು ನೆಟ್‌ನಲ್ಲಿ ಹುಡುಕಿದೆ. ಹೆಸರು ಸಿಕ್ಕಿದ್ದು ಆರು ಸಲ. ಐದು ಅವನ ತಪ್ಪಿಗೆ. ಒಂದು, ತಂಡದಿಂದ ಕೈಬಿಟ್ಟಾಗ.

ಅವನಿಗೇ ಹೇಳಿದೆ. ನಕ್ಕ. "ಹೆಸರು ಬರದ ದಿನ ಚೆನ್ನಾಗಿ ಆಡಿದ್ದೇನೆ ಅಂತ ತಿಳಿ."

ನವೆಂಬರ್ 18, ಮಂಗಳವಾರ

ಆಶಿಕ್ ಒಳಗೆ ಬಂದು ಬಾಗಿಲು ಹಾಕಿದ.

"ಎಂತ ಟೆಸ್ಟ್ ಮಾರಾಯ್ರೆ ನಿಮ್ದು? ನಿಮ್ಮ ಆನೆ ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಹೆಲ್ಮೆಟ್ ಎಲ್ಲಿ ಅಂತ ಕೇಳ್ತಾನೆ. ಮೂರು ಸಲ."

"ತಮಾಷೆಗಿರಬಹುದು."

"ಮೊದಲ್ನೇ ಸಲ ನಾನೂ ನಗಾಡಿದೆ."

ನವೆಂಬರ್ 19. ಮಧ್ಯಾಹ್ನ 3

ನೇರವಾಗಿ ಕೇಳಿದೆ. ವೀಲರ್ ಮಸಾಜ್ ಮೇಜಿನ ಮೇಲಿದ್ದ.

"ಸೆಪ್ಟೆಂಬರಿನಲ್ಲಿ ಒಂಬತ್ತು ನೆನಪಿತ್ತು. ನಾಲ್ಕೇ ಹೇಳಿದೆ. ನಮ್ಮ ಸಾಲಿನವರು ಮಾಡುವುದೇ ಹಾಗೆ. ಮೊದಲ ಅಂಕ ಕೆಳಗಿಟ್ಟುಕೊಂಡರೆ ಆಮೇಲೆ ಯಾರೂ ಹೊರಗೆ ಕೂರಿಸುವುದಿಲ್ಲ. ಮೊದಲ ವರ್ಷವೇ ಹಿರಿಯರು ಹೇಳಿಕೊಡುತ್ತಾರೆ."

"ಮೊನ್ನೆಯೂ ಹಾಗೇ ಮಾಡಿದೆಯಾ?"

ಎದ್ದು ಕೂತ. ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡ. ನೂರ ನಲವತ್ತು ಕಿಲೋ ಮನುಷ್ಯ.

"ಇಲ್ಲ. ಹತ್ತೂ ಹೇಳಲು ನೋಡಿದೆ. ನಾಲ್ಕೇ ಬಂತು."

ಮತ್ತೆ ಅವನೇ — "ಶುಕ್ರವಾರ ತಡೆಯಬೇಡ, ಡೆಲ್ವಿನ್. ಅಡ್ಡ ನಿಲ್ಲುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ."

ಒಂಬತ್ತರಿಂದ ನಾಲ್ಕಕ್ಕೆ ಇಳಿದವನಿಗೆ ಫಿಟ್ ಎಂದು ಬರೆದಿದ್ದೇನೆ.

ನವೆಂಬರ್ 20. ಬೆಳಿಗ್ಗೆ 11

ಮ್ಯಾನೇಜರ್ ಅಬ್ದುಲ್ ಹಕೀಮ್ ಅವರಿಗೆ ಹೇಳಿದೆ, ಸಹಿ ಹಿಂದಕ್ಕೆ ಪಡೆಯುತ್ತೇನೆ ಎಂದು.

"ಫಾರಂ ಲೀಗ್‌ಗೆ ಹೋಗಿದೆ. ಸೆಪ್ಟೆಂಬರಿನಲ್ಲಿ ನಾಲ್ಕು, ಪೆಟ್ಟಾದ ಮೇಲೂ ನಾಲ್ಕು. ಬರೆದದ್ದು ನೀವೇ."

"ಮೊದಲನೆಯದು ಸುಳ್ಳು. ಅವನೇ ಒಪ್ಪಿದ್ದಾನೆ."

ವೀಲರ್‌ನನ್ನು ಕರೆಸಿದರು. ಹಾಗೇನೂ ಹೇಳಿಲ್ಲ ಎಂದ. ನನ್ನ ಕಡೆ ನೋಡಲಿಲ್ಲ.

"ಖಲಾಸ್," ಎಂದರು ಅಬ್ದುಲ್ ಹಕೀಮ್. ಮಾತು ಮುಗಿಯಿತು.

ಮಧ್ಯಾಹ್ನ 1

ಲೀಗ್ ಡಾಕ್ಟರಿಗೆ ನೇರ ಇಮೇಲ್ ಕಳಿಸಿದೆ. ಸೆಪ್ಟೆಂಬರಿನಲ್ಲಿ ಅಷ್ಟು ಕಡಿಮೆ ಅಂಕ ಬಂದೂ ಟೆಸ್ಟ್ ಮತ್ತೆ ಮಾಡಲಿಲ್ಲ, ತಪ್ಪು ನನ್ನದು ಎಂದೂ ಬರೆದೆ. ಹೆಂಡತಿ ಕಾರ್ಮೆಲಿನ್‌ಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ: "ಇಕಾಮಾ ಕ್ಲಬ್ಬಿನವರದ್ದಲ್ವಾ? ನಾಳೆ ಊರಿಗೆ ಹೋಗಿ ಅಂದ್ರೆ?"

ಇಕಾಮಾ ಅಂದರೆ ಇಲ್ಲಿರಲು ಪರವಾನಗಿ, ಅದು ಅವರ ಕೈಯಲ್ಲೇ. ಹೋಗಬೇಕಾಗುತ್ತದೆ ಎಂದೆ.

ನವೆಂಬರ್ 21, ಶುಕ್ರವಾರ. ಸಂಜೆ 4

ಡಾಕ್ಟರರ ಉತ್ತರ ಬಂದಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಟಗಾರರ ಪಟ್ಟಿ ಹಚ್ಚಿದ್ದಾರೆ. ಸಾಲಿನ ಎಡ ತುದಿ — ವೀಲರ್, ಜೆರ್ಸಿ ನಂಬರ್ 72.

ಬಸ್ 4.15ಕ್ಕೆ. ಪಂದ್ಯ 5.30ಕ್ಕೆ.