ಆರು ಜಾಲರಿಗಳ ವಿಷಯ

ಜನವರಿ 16, ಮಂಗಳವಾರ

ಓರಿನ್‌ಗೆ,

ಹೆಸರಿನ ಮುಂದೆ ‘ಪ್ರೀತಿಯ’ ಅಂತ ಬರೆಯಬೇಕೋ ಬೇಡವೋ ಎಂದು ಕಾಫಿ ಆರುವ ತನಕ ಯೋಚಿಸಿದೆ. ಕೊನೆಗೆ ಬಿಟ್ಟೆ. ಬೇಕಿದ್ದರೆ ನೀನೇ ಸೇರಿಸಿಕೊಂಡು ಓದು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ಹೇಳುತ್ತೀಯ, ನಾನು ಹೂಂಗುಟ್ಟುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗೂ ಆಗುವುದಿಲ್ಲ. ಚಳಿಗೆ ಶಾಲೆಗೆ ರಜೆ ಕೊಟ್ಟಿದ್ದಾರೆ, ಅಲ್ಲಿಯ ಅಡುಗೆ ಕೆಲಸಕ್ಕೆ ನಾನೂ ಹೋಗಬೇಕಾಗಿಲ್ಲ. ಹಾಗಾಗಿ ಪುರುಸೊತ್ತಾಗಿ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದದ್ದು. ಮನೆ ಬೆಚ್ಚಗಿಡುವ ಫರ್ನೇಸ್ ಸರಿಹೋಯಿತು. ನಿನ್ನೆ ಸಂಜೆಯಿಂದ ಮನೆ ಬೆಚ್ಚಗಿದೆ, ಅತ್ತೆ ಕಂಬಳಿ ಮಡಚಿಟ್ಟು ಬರೀ ಸ್ವೆಟರಿನಲ್ಲಿ ಕೂತಿದ್ದಾರೆ. ಶನಿವಾರ ನೀನು ಕಾರು ತಂದು ಅವರನ್ನು ಕರೆದುಕೊಂಡು ಹೋಗುವ ಅಗತ್ಯ ಇಲ್ಲ. ನೀನೀಗಿರುವ ಮೈನಾಟ್‌ನ ವೃದ್ಧಾಶ್ರಮದಲ್ಲಿ ಅವರಿಗಾಗಿ ಹಿಡಿದಿಟ್ಟ ಜಾಗ ಬಿಟ್ಟುಕೊಡು. ಭಾನುವಾರ ಫೋನಿನಲ್ಲಿ ನೀನು ಅದನ್ನು ಹೇಳಿದಾಗ ನನಗೆ ಸೆಪ್ಟೆಂಬರ್ ನೆನಪಾಯಿತು. ರೈಲು ಯಾರ್ಡಿನ ಕೆಲಸಕ್ಕೆ ಸಹಿ ಹಾಕಿ ಬಂದ ಮೇಲೆ ನನಗೆ ಹೇಳಿದೆಯಲ್ಲ, ಅದೇ ಧಾಟಿ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನೀನು ನನ್ನನ್ನು ಕೇಳಿದ್ದು ಕಡಿಮೆ, ತಿಳಿಸಿದ್ದೇ ಹೆಚ್ಚು. ನಿನ್ನ ಜೊತೆ ಬರುವುದಿಲ್ಲ ಅಂದದ್ದು ಅದಕ್ಕೇ, ಊರು ಬಿಡಲಾರದೆ ಅಲ್ಲ. ಕ್ರಿಸ್‌ಮಸ್‌ಗೂ ನೀನು ಬರಲಿಲ್ಲ. ನಾವೂ ಕಾಯಲಿಲ್ಲ ಅನ್ನು.

ಇರಲಿ, ಫರ್ನೇಸಿನ ಕಥೆ ಕೇಳು. ಹೊಸ ವರ್ಷದ ಮಾರನೆಯ ದಿನ ಶುರುವಾಯಿತು. ಉರಿ ಹತ್ತುತ್ತದೆ, ಏಳೆಂಟು ನಿಮಿಷ ಚೆನ್ನಾಗಿ ಉರಿಯುತ್ತದೆ, ಆಮೇಲೆ ಟಪ್ಪಂತ ಆರುತ್ತದೆ. ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತುತ್ತದೆ, ಮತ್ತೆ ಆರುತ್ತದೆ. ದಿನವಿಡೀ ಇದೇ ಆಟ. ಹೊರಗೆ ರೆಪ್ಪೆಯ ಮೇಲೆ ಮಂಜು ಕಟ್ಟುವ ಚಳಿ, ಒಳಗೆ ನಾನು ಕೋಟು ಹಾಕಿಕೊಂಡು ಆಲೂಗಡ್ಡೆ ಹೆಚ್ಚುತ್ತಿದ್ದೆ.

ನೆಲಮಾಳಿಗೆಗೆ ಇಳಿದು ಅದರ ಮುಂದಿನ ತಗಡು ಬಿಚ್ಚಿದೆ. ಹೌದು, ನಾನೇ. ಒಳಗೆ ಒಂದು ಪುಟ್ಟ ಕೆಂಪು ದೀಪ ನಾಲ್ಕು ನಾಲ್ಕು ಸಲ ಮಿಟುಕುತ್ತಿತ್ತು. ತಗಡಿನ ಹಿಂದೆ ಅಂಟಿಸಿದ ಚೀಟಿ ಓದಿದರೆ, ನಾಲ್ಕು ಸಲ ಮಿಟುಕಿದರೆ ವಿಪರೀತ ಕಾದಿದೆ ಅಂತ ಅರ್ಥವಂತೆ. ನನಗೆ ನಗು ಬಂತು. ಮನೆಯವರು ಗಡಗಡ ನಡುಗುತ್ತಿದ್ದರೆ ಇದಕ್ಕೆ ಸೆಕೆ.

ಫಿಲ್ಟರ್ ಬದಲಾಯಿಸಿದೆ. ಹಳೆಯದರ ಮೇಲೆ ಬೆರಳು ದಪ್ಪ ಧೂಳಿತ್ತು. ಬೇಸಿಗೆಯಲ್ಲೇ ಬದಲಾಯಿಸಿದ್ದೇನೆ ಅಂದಿದ್ದೆಯಲ್ಲ, ಅದನ್ನು ಈಗ ಎತ್ತುವುದಿಲ್ಲ. ಆದರೂ ಆರಿತು. ಹೊಗೆ ಹೋಗುವ ಪೈಪಿನ ಬಾಯಿಗೆ ಹಿಮ ಕಟ್ಟಿದೆಯೇನೋ ಎಂದು ಮನೆಯ ಹಿಂದೆ ಮೊಣಕಾಲುದ್ದದ ಹಿಮ ತುಳಿದು ಹೋಗಿ ನೋಡಿದೆ, ಚೊಕ್ಕಟವಾಗಿತ್ತು. ಉರಿ ಹತ್ತಿದೆಯೋ ಇಲ್ಲವೋ ನೋಡಿಕೊಳ್ಳುವ ಸಣ್ಣ ಕಡ್ಡಿಯಿದೆಯಲ್ಲ, ಗ್ಯಾಸು ಕರೆಂಟು ಎರಡನ್ನೂ ನಿಲ್ಲಿಸಿ ಅದನ್ನೂ ಬಿಚ್ಚಿ ಉಜ್ಜಿ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಸೋತು ನಿನ್ನೆ ಟ್ರೂಡಿಯನ್ನು ಕರೆಸಿದೆ. ಹೌಕ್ ಮನೆಯ ಹುಡುಗಿ, ಅಪ್ಪನ ರಿಪೇರಿ ಕೆಲಸವನ್ನು ಈಗ ಅವಳೇ ನಡೆಸುತ್ತಾಳೆ.

ಬಂದವಳು ನೆಲಮಾಳಿಗೆ ಎಲ್ಲಿ ಅಂತಲೂ ಕೇಳಲಿಲ್ಲ. ಬೂಟು ಬಿಚ್ಚಿಟ್ಟು ಬರೀ ಕಾಲುಚೀಲದಲ್ಲಿ ಮನೆಯೆಲ್ಲ ಸುತ್ತಿದಳು. ಒಂದೊಂದು ಕೋಣೆಯಲ್ಲೂ ಬಿಸಿಗಾಳಿ ಬರುವ ನೆಲದ ಜಾಲರಿಯ ಮೇಲೆ ಪಾದವಿಟ್ಟು ನಿಂತಳು. ಊಟದ ಕೋಣೆ, ಹೊಲಿಗೆ ಕೋಣೆ, ಮುಂದಿನ ಕೋಣೆ, ಹೀಗೆ. ಆಮೇಲೆ ಅಡುಗೆಮನೆಗೆ ಬಂದು ಹೇಳಿದಳು:

“ಅಕ್ಕಾ, ಫರ್ನೇಸು ಗಟ್ಟಿಮುಟ್ಟಾಗಿದೆ. ಕಾಸಿದ ಗಾಳಿ ಹೋಗೋಕೆ ನೀವು ದಾರೀನೇ ಬಿಟ್ಟಿಲ್ಲ. ತನ್ನ ಬಿಸಿ ತಾನೇ ತಡೀಲಾರದೆ ನಿಲ್ತಾ ಇದೆ. ಈ ಜಾಲರಿಗಳನ್ನೆಲ್ಲ ಮುಚ್ಚಿದ್ದು ಯಾರು?”

ಅತ್ತೆ ಅಲ್ಲೇ ಮೇಜಿನ ಮುಂದೆ ಇಸ್ಪೀಟು ಹಂಚುತ್ತಿದ್ದರು. ನಾನೇ ಅಂದೆ.

ಹೌದು, ನಾನೇ. ಆರನ್ನೂ. ನೀನು ಹೋದ ದಿನ ನಿನ್ನ ಕೋಣೆಯದನ್ನು ಮುಚ್ಚಿದೆ. ಸಿಟ್ಟು ಬಂದಿತ್ತು, ಇಲ್ಲದವನಿಗೆ ಬಿಸಿಗಾಳಿ ಯಾಕೆ ಅಂತ. ಆಮೇಲೆ ಇಬ್ಬರು ಹೆಂಗಸರಿಗೆ ಇಷ್ಟೊಂದು ಕೋಣೆ ಏಕೆ ಅನಿಸಿ ಬೇಡದ ಕೋಣೆಗಳದ್ದನ್ನೂ ಒಂದೊಂದಾಗಿ ಮುಚ್ಚಿದೆ. ದಡ್ಡತನ ನನ್ನದು, ಕೈಯಾರೆ ಬರೆದುಕೊಡುತ್ತಿದ್ದೇನೆ. ಅತ್ತೆಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಅವರಿಗೆ ಮರೆವು, ಒಬ್ಬರೇ ಇದ್ದಾಗ ಏನಾದರೂ ಮಾಡಿಕೊಳ್ಳುತ್ತಾರೆ ಅಂತ ನೀನು ಹೇಳುತ್ತಿರುತ್ತೀಯ. ಇಸ್ಪೀಟಿನಲ್ಲಿ ದಿನಾ ನನ್ನನ್ನು ಸೋಲಿಸುವವರಿಗೆ ಎಂಥ ಮರೆವು?

ಎಲ್ಲ ತೆರೆದಾಯಿತು. ನಿನ್ನ ಕೋಣೆಯದನ್ನು ಕಟ್ಟಕಡೆಗೆ ತೆರೆದೆ, ಅದೂ ಫರ್ನೇಸಿಗೆ ಬೇಕು ಅಂತ. ಅದರಲ್ಲಿ ಬೇರೆ ಅರ್ಥ ಹುಡುಕಬೇಡ.

ಓರಿನ್, ಅತ್ತೆ ನನಗೆ ಬೇಕು. ನಿನ್ನ ಅಮ್ಮ ಅನ್ನುವುದಕ್ಕಲ್ಲ. ನಾನು ಮಾಡಿದ ಕಾಫಿ ನೀರಾಗಿದೆ ಅಂತ ಬೆಳಿಗ್ಗೆ ಬೈಯುವುದಕ್ಕೆ ಈ ಮನೆಯಲ್ಲಿ ಒಬ್ಬರು ಬೇಕು. ಅವರನ್ನೂ ಕರೆದುಕೊಂಡು ಹೋದರೆ ನಾನು ಇಲ್ಲಿ ಬಾಳಲಾರೆ. ಇದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಇಂತಿ,
ಮಾರ್ಲಿಸ್

ವಿ.ಸೂ.: ಇದು ನಿನ್ನ ಅಮ್ಮನ ಕೈಬರಹ. ಸ್ಟಾಂಪ್ ಅಂಟಿಸಿ ಅಂತ ನನ್ನ ಕೈಗೆ ಕೊಟ್ಟು ಮಾರ್ಲಿಸ್ ಮೆಟ್ಟಿಲ ಹಿಮ ತೆಗೆಯೋಕೆ ಹೋಗಿದ್ದಾಳೆ. ಓದಬಾರದಿತ್ತು, ಓದಿದೆ.

ಅವಳು ಮುಚ್ಚಿದ್ದು ಒಂದೇ ಒಂದು, ನಿನ್ನ ಕೋಣೆಯದು. ಅದನ್ನು ನೋಡಿ ನಾನು, ಸರಿ, ಚಳಿಗಾಲಕ್ಕೆ ಕೋಣೆ ಮುಚ್ಚೋದು ಶುರುವಾಯ್ತು ಅಂದುಕೊಂಡೆ. ಹೊಲದ ಮನೆಯಲ್ಲಿ ನಾವು ಹಾಗೇ ಮಾಡ್ತಿದ್ದೆವಲ್ಲ, ಹಿಮ ಬಿದ್ದರೆ ಒಲೆ ಇರೋ ಕೋಣೆ ಒಂದೇ ನಮ್ಮ ಮನೆ. ಚಳಿ ಏರಿದ ಹಾಗೆ, ಅವಳು ಶಾಲೆಗೆ ಹೋದ ಮೇಲೆ, ಊರುಗೋಲಿನಿಂದ ಜಾಲರಿಯ ಹಿಡಿ ತಳ್ಳಿ ತಳ್ಳಿ ಇನ್ನೂ ಐದನ್ನು ಮುಚ್ಚಿದೆ. ಬಿಸಿಯೆಲ್ಲ ಅವಳ ಕೋಣೆಗೆ ಹೋಗಲಿ ಅಂತ. ಟ್ರೂಡಿ ಕೇಳಿದಾಗ ನನ್ನ ಕೈಯಿಂದ ಇಸ್ಪೀಟೆಲೆ ಬಿತ್ತು. ಅದನ್ನು ನೋಡಿ ಮಾರ್ಲಿಸ್ ಕ್ಷಣ ಕೂಡ ತಡೀದೆ ನಾನೇ ಅಂದುಬಿಟ್ಟಳು. ಇದೇ ನೆಪ ಮಾಡಿ ನೀನು ನನ್ನನ್ನು ಆಶ್ರಮಕ್ಕೆ ಸೇರಿಸ್ತೀಯ ಅಂತ ಅವಳಿಗೆ ಭಯ. ಸೇರಿಸಲೇಬೇಕು ಅಂತಿದ್ದರೆ ಶನಿವಾರ ಬಾ. ಬಂದು ಕೂತು, ಈ ಸಲ ನಮ್ಮಿಬ್ಬರನ್ನೂ ಕೇಳು.

ಇನ್ನೊಂದು ಮಾತು. ಟ್ರೂಡಿ ಬಂದಾಗ ಮುಚ್ಚಿದ್ದು ಐದೇ. ನಿನ್ನದನ್ನು ಮಾರ್ಲಿಸ್ ಕ್ರಿಸ್‌ಮಸ್ ಹಿಂದಿನ ದಿನವೇ ತೆರೆದಿದ್ದಳು. ತೆರೆದು, ಮೂರು ತಟ್ಟೆ ಇಟ್ಟು, ಊಟ ಆರೋವರೆಗೂ ನಿನ್ನ ಕೋಣೆ ಕಿಟಕೀಲಿ ನಿಂತು ರಸ್ತೆ ನೋಡ್ತಿದ್ದಳು.

ಅಮ್ಮ