ಬಿಸ್ಕತ್ತಿನ ಡಬ್ಬಿಗೊಂದು ಕಾಲಂ

ಗ್ರೊನಿಂಗೆನ್
14 ಮಾರ್ಚ್ 2012

ಪ್ರೀತಿಯ ತಂಗಿ ಇಮ್ಕೆಗೆ,

ಮೊದಲು ತಪ್ಪೊಪ್ಪಿಗೆ. ನಿನ್ನಣ್ಣ ಕಳ್ಳ. ಐವತ್ತೊಂದನೆಯ ವಯಸ್ಸಿನಲ್ಲಿ, ಪೂರ್ಣ ಪ್ರಜ್ಞೆಯಿಂದ, ಒಬ್ಬ ವಿಧವೆಯ ಮನೆಯಲ್ಲಿ ಎರಡನೆಯ ಬಿಸ್ಕತ್ತು ಕದ್ದಿದ್ದೇನೆ. ಕಾಫಿಗೆ ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಟಪ್ಪೆನ್ನಬೇಕು ಎಂದು ಅಮ್ಮ ಕಲಿಸಿದ್ದನ್ನು ಮುರಿದೆ. ನಿನ್ನ ಎರಡು ಕಾಗದಗಳಿಗೆ ಉತ್ತರಿಸದಿದ್ದುದು ಇದರ ಮುಂದೆ ಪುಟ್ಟ ತಪ್ಪು, ಕ್ಷಮಿಸು.

ಆ ವಿಧವೆ ಶ್ರೀಮತಿ ಬೌಕೆಮಾ. ಅವರ ಗಂಡ ಗೇರ್ಟ್ ಹೋದ ವರ್ಷ ವೈದ್ಯರ ನೆರವಿನ ಸಾವನ್ನು ಆರಿಸಿಕೊಂಡವರು. ಅಂಥ ಮನೆಗಳಲ್ಲಿ ಸಂಶೋಧಕನಾಗಿ ನನ್ನ ಕೆಲಸ ನಿನಗೆ ಗೊತ್ತಲ್ಲ: ಪ್ರಶ್ನೆ ಕೇಳು, ರೆಕಾರ್ಡರ್ ಒತ್ತು, ತುಟಿ ಹೊಲಿದುಕೋ. ಆಮೇಲೆ ನಾವಿಬ್ಬರು ಸಂಶೋಧಕರು ಬೇರೆಬೇರೆ ಕುಳಿತು ಪ್ರತಿ ಮಾತನ್ನೂ ವರದಿಯ ಪಟ್ಟಿಯ ಒಂದೊಂದು ಕಾಲಂಗೆ ತುರುಕಬೇಕು.

ಗೇರ್ಟ್ ಸಾಯುವ ದಿನ ವೈದ್ಯರು ಬಂದಾಗ ಆಕೆ ಎಲ್ಲರಿಗೂ ಕಾಫಿ ಕೊಟ್ಟು, ಒಂದೊಂದು ಬಿಸ್ಕತ್ತು ಕೊಟ್ಟು, ಅಭ್ಯಾಸಬಲದಿಂದ ಮುಚ್ಚಳ ಹಾಕಿದರಂತೆ. ಗೇರ್ಟ್ ನಕ್ಕು, "ಇವತ್ತಾದ್ರೂ ತೆಗೆದಿಡೇ ಮಾರಾಯ್ತಿ" ಅಂದರಂತೆ. ಆಕೆ ತೆಗೆಯುವಷ್ಟರಲ್ಲಿ ಅವರು ಎದ್ದು ಮಲಗುವ ಕೋಣೆಗೆ ಹೊರಟಿದ್ದರು.

"ಅವ್ರು ಹೋಗಿದ್ದಕ್ಕೆ ಪಶ್ಚಾತ್ತಾಪ ಇಲ್ಲಪ್ಪ. ಆ ಮುಚ್ಚಳದ್ದೇ ಸಂಕಟ."

ನನ್ನ ಜೊತೆಗಾರ ಯೆಲ್ಮರ್ 'ಪಶ್ಚಾತ್ತಾಪ: ಹೌದು' ಎಂದು ಗುರುತು ಹಾಕಿದ. ನಾನು ಇಲ್ಲ ಎಂದೆ. ಪ್ರೊಫೆಸರ್ ಫಾನ್ ಸ್ಲೋಟೆನ್ ಪಂಚಾಯಿತಿಗೆ ಕುಳಿತು, ಹೌದು ಅನ್ನಿ, ಇಲ್ಲವೇ ಸಂದರ್ಶನವನ್ನೇ ಕೈಬಿಡಿ ಎಂದರು. ದಯಾಮರಣದ ನಮ್ಮ ಸಂಶೋಧನೆಯಲ್ಲಿ ಮರಣಕ್ಕೆ ಹನ್ನೊಂದು ಕಾಲಂಗಳಿವೆ, ದಯೆಗೆ ಒಂದೂ ಇಲ್ಲ ಎಂದೆ. ಪ್ರೊಫೆಸರ್ ನನ್ನತ್ತ ತಿರುಗಿದರು.

"ಡಬ್ಬಿಗೊಂದು ಕಾಲಂ ಮಾಡಕ್ಕಾಗತ್ತೇನ್ರೀ ಹಾರ್ಮೆನ್?"

"ಆಗ್ಲೇ ಮಾಡಿದೀನಿ ಸಾರ್. ಬೇಕಾದ್ರೆ ವರದಿಯಿಂದ ನನ್ನ ಹೆಸರು ಕಿತ್ತಾಕಿ. ಆ ತಾಯಿ ಮಾತು ಕೀಳಕ್ಕೆ ಬಿಡಲ್ಲ."

ಸೋಮವಾರ ತೀರ್ಮಾನ. ಆಕೆಯ ಮಾತನ್ನು ಪಶ್ಚಾತ್ತಾಪದ ಕಾಲಂಗೆ ಸೇರಿಸಿದರೆ, ಗೇರ್ಟ್ ಮಾಡಿದ್ದು ತಪ್ಪೆಂದು ಹೆಂಡತಿಯೇ ಸಾಕ್ಷಿ ನುಡಿದಂತೆ. ಅದಕ್ಕೆ ನಾನು ಸಹಿ ಹಾಕುವುದಿಲ್ಲ, ಕೆಲಸ ಹೋದರೂ ಸರಿ. ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಮನಸ್ಸಿನ ಒಂದು ತೊಟ್ಟೂ ಸಂದರ್ಶನದೊಳಗೆ ಬಿದ್ದಿಲ್ಲ. ಆ ಬಲದ ಮೇಲೇ ಜಗಳಾಡುತ್ತೇನೆ.

ನಿನಗೂ ಹುಡುಗಿಯರಿಗೂ ಒಳ್ಳೆಯದಾಗಲಿ. ನಿಮ್ಮನೆ ಡಬ್ಬಿ ತೆರೆದೇ ಇರಲಿ.

ನಿನ್ನ ಅಣ್ಣ,
ಹಾರ್ಮೆನ್

ತಾ.ಕ.: ಆ ರೆಕಾರ್ಡಿಂಗಿನಲ್ಲಿ ನಾಲ್ಕು ನಿಮಿಷ ಒಬ್ಬರು ಅಳುತ್ತಾರೆ. ಶ್ರೀಮತಿ ಬೌಕೆಮಾ ಅಲ್ಲ. ಆಕೆ "ಇನ್ನೊಂದು ತಗೊಳ್ಳಿ" ಎಂದು ಡಬ್ಬಿ ಸರಿಸುವುದು ಕೇಳಿಸುತ್ತದೆ. ಹಾಗಾಗಿ ಕಳ್ಳತನವೂ ಸುಳ್ಳು. ಗೇರ್ಟ್‌ನಂತೆಯೇ ಹೋಗಲು ಬಯಸಿದ ಅಮ್ಮನಿಗೆ ವೈದ್ಯರು ಕೊನೆಯ ಸೂಜಿ ಚುಚ್ಚಿದ ಬೆಳಿಗ್ಗೆ ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದೆನಲ್ಲ. ಅಮ್ಮ ಎರಡು ಸಲ ನನ್ನನ್ನು ಕೂಗಿದ್ದು ಕಾಫಿ ಯಂತ್ರದ ಸದ್ದಿಗೆ ಕೇಳಿಸಲಿಲ್ಲವೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಯಂತ್ರ ಹಾಕಿರಲೇ ಇಲ್ಲ, ಇಮ್ಕೆ.