ರುಕ್ಕಮ್ಮನ ಶನಿವಾರ

ಅಜ್ಜೀ,

ಒಮ್ಮೆ ಊಟಕ್ಕೆ ಕೂತಾಗ ಎಲ್ಲರೆದುರು ನಾನು ನಿನ್ನನ್ನು "ನಾಜಿಗೆ ಅನ್ನ ಹಾಕಿದವಳು" ಎಂದೆ. ಅದು ಅನ್ಯಾಯ. ನೀನು ಹೋಗಿ ಎರಡು ವರ್ಷವಾದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ.

ಅವತ್ತು ನೀನು ಯುದ್ಧಕಾಲದ ವಿಶಾಖಪಟ್ಟಣದ ಕಥೆ ಹೇಳುತ್ತಿದ್ದೆ. ಅಜ್ಜ ಬಂದರಿನಲ್ಲಿ ಗುಮಾಸ್ತ, ನೀನು ಧಾರವಾಡದಿಂದ ಬಂದ ಹೊಸ ಸೊಸೆ. ಶತ್ರು ದೇಶದವಳೆಂದು ಪೊಲೀಸರು ಹುಡುಕುತ್ತಿದ್ದ ಜರ್ಮನ್ ನರ್ಸ್ ಒಬ್ಬಳಿಗೆ ಸೀರೆ ಉಡಿಸಿ, ರುಕ್ಕಮ್ಮ ಎಂದು ಹೆಸರಿಟ್ಟು, ನಾಲ್ಕು ತಿಂಗಳು ಮನೆಯಲ್ಲಿ ಇಟ್ಟುಕೊಂಡೆಯಂತೆ. 'ಜರ್ಮನ್' ಎಂಬ ಒಂದು ಪದ ನನಗೆ ಸಾಕಾಯಿತು. ಫ್ಯಾಸಿಸಂ ಬಗ್ಗೆ ಸಿಕ್ಕ ಕರಪತ್ರಗಳನ್ನೆಲ್ಲ ಓದಿದ್ದೆನಲ್ಲ. ನೀನು ಸಿಟ್ಟಾಗಲಿಲ್ಲ.

"ಆಕಿ ಶನಿವಾರ ಒಲಿ ಮುಟ್ಟತಿದ್ದಿಲ್ಲ, ತಂಗಿ. ವೆಂಕಪ್ಪನ ಭಕ್ತಿ ಇದ್ದಾಕಿ ಕೆಟ್ಟಾಕಿ ಹ್ಯಾಂಗ ಆಗತಾಳ?"

ನಾನು ನಕ್ಕುಬಿಟ್ಟೆ. ಆ ನಗು ನೆನಪಾದರೆ ಈಗಲೂ...

ಪಕ್ಕದ ಮನೆಯ ತೆಲುಗಮ್ಮನ ಕಥೆ ನೆನಪಿದೆಯೇ? ರುಕ್ಕಮ್ಮ ತನ್ನಷ್ಟಕ್ಕೆ ಜರ್ಮನ್‌ನಲ್ಲಿ ಗೊಣಗುವುದನ್ನು ಕೇಳಿ ಆಕೆ, "ಮೀ ಕನ್ನಡಂ ಇಂತ ಗಟ್ಟಿಗಾ ಉಂಟುಂದಾ ಅಮ್ಮಾ?" ಎಂದಳಂತೆ, ನಿಮ್ಮ ಕನ್ನಡ ಇಷ್ಟು ಗಡುಸೇ ಎಂದು. ನೀನು, "ಮಾದಿ ಧಾರವಾಡ ಕನ್ನಡಂ, ಇಂತೇ" ಎಂದೆಯಂತೆ, ನಮ್ಮದು ಧಾರವಾಡದ್ದು, ಹೀಗೇ ಎಂದು. ಅಷ್ಟು ಜಾಣತನ ಇದ್ದವಳನ್ನು ನಾನು ದಡ್ಡಿ ಎಂದುಕೊಂಡೆನಲ್ಲ.

ಕಳೆದ ತಿಂಗಳು ಇಲ್ಲಿ ವಿಶಾಖಪಟ್ಟಣದ ಕನ್ನಡ ಸಂಘಕ್ಕೆ ಒಂದು ಪತ್ರ ಬಂತು. ಬಂದರಿನ ಗುಮಾಸ್ತರೊಬ್ಬರ ಧಾರವಾಡದ ಹೆಂಡತಿಯ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿತ್ತು. ಬರೆದವಳು ಹಾನ್ನಾ, ನಿನ್ನ ರುಕ್ಕಮ್ಮನ ಮೊಮ್ಮಗಳು. ರುಕ್ಕಮ್ಮನ ನಿಜವಾದ ಹೆಸರು ರೂತ್. ಯಹೂದಿ, ಅಜ್ಜೀ. ನಾಜಿಗಳಿಂದ ತಪ್ಪಿಸಿಕೊಂಡು ಬಂದವಳು. ಪೊಲೀಸರ ಕೈಗೆ ಸಿಕ್ಕಿದ್ದರೆ, ಬ್ರಿಟಿಷರು ನಾಜಿಗಳನ್ನೂ ಕೂಡಿಹಾಕಿದ್ದ ಶಿಬಿರದ ತಂತಿಬೇಲಿಯೊಳಗೇ ಅವಳನ್ನೂ ತಳ್ಳುತ್ತಿದ್ದರು. ಶನಿವಾರ ಅವರಿಗೆ ಬೆಂಕಿ ಹಚ್ಚಬಾರದ, ಪ್ರಯಾಣ ಮಾಡಬಾರದ ದಿನ. ನೀನು ತಪ್ಪು ತಿಳಿದದ್ದು ಅವಳ ದೇವರನ್ನು, ಅವಳನ್ನಲ್ಲ. ನನ್ನ ಕರಪತ್ರಗಳಲ್ಲಿ ಶನಿವಾರದ ಸುದ್ದಿಯೇ ಇರಲಿಲ್ಲ.

ಪೊಲೀಸರು ಮನೆಗೆ ಬಂದದ್ದನ್ನು ಮಾತ್ರ ನೀನು ಹೇಳಿರಲೇ ಇಲ್ಲ. ಯಾಕೆ? ಹಾನ್ನಾ ಬರೆದಿದ್ದಾಳೆ, ನೀನು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, "ನಮ್ಮ ವೈನಿ ಮಡ್ಯಾಗ ಅದಾರ" ಎಂದು ರುಕ್ಕಮ್ಮನನ್ನು ಅತ್ತಿಗೆ ಮಾಡಿಬಿಟ್ಟೆಯಂತೆ. ಅವರು ಹೊಸ್ತಿಲು ದಾಟಲಿಲ್ಲವಂತೆ. 'ಮಡಿ' ಎಂದರೆ ಈಗಲೂ ನನಗೆ ಮೈ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಎಷ್ಟು ಜನರನ್ನು ಹೊರಗೆ ನಿಲ್ಲಿಸಿದ ಪದ ಅದು. ಆದರೆ ಹಾನ್ನಾಳ ಮನೆಯಲ್ಲಿ ಆ ಪದ ಇನ್ನೂ ಉಳಿದಿದೆ. ಮಕ್ಕಳು ಗುಡುಗಿಗೆ ಹೆದರಿದರೆ ಅಪ್ಪಿಕೊಂಡು "ಮಡಿ, ಮಡಿ" ಎನ್ನುತ್ತಾರಂತೆ. ಇನ್ನು ಯಾರೂ ಮುಟ್ಟಲಾರರು ಎಂದು ಅರ್ಥವಂತೆ.

ಹಾನ್ನಾ ಬರುತ್ತಿದ್ದಾಳೆ. ಇಲ್ಲಿಂದ ವಿಜಯವಾಡಕ್ಕೆ ಶನಿವಾರ ಮಧ್ಯಾಹ್ನದ ರೈಲಿಗೆ ಟಿಕೆಟ್ ಮಾಡಿಸಲೇ ಎಂದೆ. ಹೊತ್ತು ಮುಳುಗುವ ತನಕ ಹೊರಡುವುದಿಲ್ಲ ಎಂದಳು. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿ ನಕ್ಕೆ, ಈ ಸಲ ನಿನ್ನ ಜೊತೆ.

ವಿಜಯವಾಡದಲ್ಲಿ, ನಿನ್ನ ಅಸ್ಥಿಯನ್ನು ಕೃಷ್ಣೆಗೆ ಬಿಟ್ಟ ಮೆಟ್ಟಿಲ ಮೇಲೆ ಕಾಯುತ್ತಿರುತ್ತೇವೆ. ಭಾನುವಾರ, ಬೆಳಗ್ಗೆ ಏಳು ಗಂಟೆಗೆ.